ತಿಥಿಯುಳ್ಳ ಅತಿಥಿಗಳು

ಬರುವುದಕ್ಕೆ ಗೊತ್ತಾದ ತಿಥಿ ಯಾರಿಗಿಲ್ಲವೋ ಅವನು ಅತಿಥಿ ಎಂದು ಹಿಂದಿನವರು ಆ ಶಬ್ದವನ್ನು ಬಿಡಿಸಿ ಹೇಳುವುದುಂಟು. ಆದರೆ ಈಗ ನಮ್ಮ ಸೀಮೆಗೆ ಬರುವ ಒಂದು ಬಗೆಯ ಅತಿಥಿಗಳಿಗೆ ಹೆಜ್ಜೆ ಹೆಜ್ಜೆಗೂ ತಿಥಿಯೇ. ಓದುವುದಕ್ಕೆಂದು ಪರದೇಶಗಳಿಂದ ಬರುವ ವಿದ್ಯಾರ್ಥಿಗಳನ್ನು ಕುರಿತು ಈ ಮಾತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ನಾಡಿನ ಹೆಬ್ಬಾಗಿಲು ನಮ್ಮ ಜಿಲ್ಲೆಯೊಳಕ್ಕೇ ಬಂದಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ನಾಗದೇನಹಳ್ಳಿಯಲ್ಲಿ ಗೀತಂ ವಿಶ್ವವಿದ್ಯಾನಿಲಯದ ಆವರಣವೇ ಇದೆ. ಊರ ಅಂಚಿಗೇ ವಿದ್ಯಾಲಯಗಳು ಬಂದ ಮೇಲೆ ಪರದೇಶದ ವಿದ್ಯಾರ್ಥಿಗಳು ತಮ್ಮ ಬೀದಿಗೂ ಬರಬಹುದು.

ಆ ತಿಥಿಗಳು ಯಾವುವು? 180 ದಿನಗಳಿಗೆ ಮೀರಿದ ವಿದ್ಯಾರ್ಥಿ ವೀಸಾದ ಮೇಲೆ ಬಂದವನು ಸಾಮಾನ್ಯವಾಗಿ 14 ದಿನಗಳೊಳಗೆ ವಿದೇಶೀಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. 2018ರಿಂದ ಇದನ್ನು ಕಂಪ್ಯೂಟರಿನ ಮೂಲಕ ಮಾಡುವ ಏರ್ಪಾಡಾಗಿದೆ. ವೀಸಾದ ಅವಧಿ ತೀರುವ ಮೊದಲೇ ವಿಸ್ತರಣೆ ಕೇಳಬೇಕು. ಮನೆ ಬದಲಾದರೆ ತಿಳಿಸಬೇಕು. ಕಾಲೇಜು ಬದಲಿಸುವುದಕ್ಕೆ ಮೊದಲು ಅನುಮತಿ ಪಡೆಯಬೇಕು. 1939 ಮತ್ತು 1946ರ ಹಳೆಯ ಕಾನೂನುಗಳ ಸ್ಥಾನದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾನೂನು ಜಾರಿಗೆ ಬಂದಿದೆ.

ಹದಿನೆಂಟು ವರ್ಷದ ಹುಡುಗ, ತಿಳಿಯದ ಭಾಷೆ, ಅರಿಯದ ಊರು. ಇಷ್ಟನ್ನೂ ಅವನು ಒಬ್ಬನೇ ನಿಭಾಯಿಸುವನೆಂದು ಬಯಸುವುದು ನ್ಯಾಯವಲ್ಲ. ಆದ್ದರಿಂದಲೇ ವಿಶ್ವವಿದ್ಯಾನಿಲಯಗಳಲ್ಲಿ ಪರದೇಶದ ವಿದ್ಯಾರ್ಥಿಗಳಿಗಾಗಿ ಒಂದು ಕಚೇರಿ ಇರಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2021ರಲ್ಲಿ ಸೂಚಿಸಿತು. ಅಲ್ಲಿ ಕುಳಿತ ಸಲಹೆಗಾರನ ಕೆಲಸ ದೊಡ್ಡ ಪಾಂಡಿತ್ಯದ್ದೇನಲ್ಲ. ಯಾರ ವೀಸಾ ಎಂದು ತೀರುವುದೆಂದು ಬರೆದಿಟ್ಟು ಮುಂಚಿತವಾಗಿ ಎಚ್ಚರಿಸಬೇಕು. ವ್ಯಾಸಂಗದ ಪ್ರಮಾಣಪತ್ರವನ್ನು ಕೇಳಿದ ದಿನವೇ ಕೊಡಿಸಬೇಕು. ಗುಮಾಸ್ತ ರಜದಲ್ಲಿರುವನೆಂದು ಆ ಪತ್ರ ಹತ್ತು ದಿನ ತಡವಾದರೆ ಹದಿನಾಲ್ಕರಲ್ಲಿ ಉಳಿಯುವುದು ನಾಲ್ಕೇ. ಗಡುವು ಮೀರಿದರೆ ದಂಡ ತೆರಬೇಕಾದೀತು. ವೀಸಾ ತೀರಿದ ಮೇಲೂ ಉಳಿದರೆ ಓದು ಅರ್ಧಕ್ಕೆ ನಿಂತು ದೇಶ ಬಿಡುವ ಪ್ರಸಂಗವೂ ಬಂದೀತು.

ಈ ಭಾರವೆಲ್ಲ ಕಾಲೇಜಿನದೇ ಎಂದು ತಾವು ಸುಮ್ಮನಿರುವಂತಿಲ್ಲ. ಮಹಡಿಯ ಕೋಣೆಯನ್ನು ಪರದೇಶದವನಿಗೆ ಕೊಟ್ಟ ಮನೆಯವರು ಅವನು ಬಂದ 24 ಗಂಟೆಗಳೊಳಗೆ ವಿವರವನ್ನು ಸರಕಾರಕ್ಕೆ ತಿಳಿಸಬೇಕೆಂಬುದು ನಿಯಮ. ಬಾಡಿಗೆಯನ್ನು ಎಣಿಸಿಕೊಂಡು ಕರಾರುಪತ್ರ ಕೊಡಲು ಹಿಂಜರಿಯುವವರೂ ಇದ್ದಾರೆ. ವಿಳಾಸಕ್ಕೆ ಆಧಾರವಿಲ್ಲದೆ ಆ ಹುಡುಗನ ನೋಂದಣಿ ಸಾಗುವುದೆಂತು? ನಮ್ಮ ಸಣ್ಣ ಉಪೇಕ್ಷೆ ಅವನ ಪಾಲಿಗೆ ದೊಡ್ಡ ಅಪರಾಧವಾಗಿ ಕಾಣಿಸಿಕೊಳ್ಳುತ್ತದೆ.

ಕಾಗದ ಸರಿಯಿದ್ದರೂ ಸಾಲದು. 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸೂಡಾನಿನವನೊಬ್ಬನ ಕಾರಿಗೆ ಸಿಕ್ಕಿ ನಮ್ಮ ಹೆಣ್ಣುಮಗಳೊಬ್ಬಳು ತೀರಿಕೊಂಡಳು. ಕೆರಳಿದ ಗುಂಪು, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬಳನ್ನು ಹೊಡೆದು ಅವಮಾನಿಸಿತು. ಮೈಬಣ್ಣವನ್ನು ಮಾತ್ರ ನೋಡಿದವರಿಗೆ ಮನುಷ್ಯಳು ಕಾಣಲಿಲ್ಲ. ಅಂಥ ಹೊತ್ತಿನಲ್ಲಿ "ಇವಳು ನಮ್ಮ ಬೀದಿಯವಳು" ಎಂದು ಅಡ್ಡ ನಿಲ್ಲುವ ನೆರೆಯವರು ಬೇಕು. ಪರಿಚಯವಿದ್ದಲ್ಲದೆ ಆ ಮಾತು ಬಾಯಿಗೆ ಬಾರದು.

ಅದೇ ದೇವನಹಳ್ಳಿಯಿಂದ ನಮ್ಮ ಮಕ್ಕಳೂ ಓದಲು ಹೊರಡುತ್ತಾರೆ. ಅಮೆರಿಕದ ಕಾಲೇಜುಗಳಲ್ಲಿ ಅವರ ವೀಸಾ ಕಾಗದಕ್ಕೆ ರುಜು ಹಾಕುವುದಕ್ಕೆಂದೇ ಗೊತ್ತಾದ ಅಧಿಕಾರಿ ಇರುತ್ತಾನೆ. ಅವನು ದಿನ ತಪ್ಪಿಸದಿರಲಿ, ಮನೆಯೊಡತಿ ಒಂದು ಒಳ್ಳೆಯ ಮಾತಾಡಲಿ ಎಂದು ಇಲ್ಲಿ ಕುಳಿತು ಹಾರೈಸುವ ತಂದೆತಾಯಿಗಳು ತಮ್ಮಲ್ಲೇ ಎಷ್ಟೋ ಮಂದಿ. ಹಾಗೆಯೇ ಹಾರೈಸುವವರು ಆಫ್ರಿಕದಲ್ಲಿಯೂ ಇದ್ದಾರೆ.

ಅತಿಥಿಗೆ ನೀರು, ನೆರಳು, ಊಟ ಕೊಡುವುದು ಹಳೆಯ ಧರ್ಮ. ಅವನ ದಿನಗಳನ್ನು ನೆನಪಿನಲ್ಲಿಡುವುದು ಈಗ ಅದಕ್ಕೆ ಸೇರಿದೆ. ಹೊಸಬನೊಬ್ಬ ಪಕ್ಕದ ಮನೆಗೆ ಬಂದರೆ ಎಲ್ಲಿಯವನೆಂದು ಕೇಳಿದ ಬಳಿಕ ಇನ್ನೊಂದು ಪ್ರಶ್ನೆ ಕೇಳಿ: "ನೋಂದಣಿ ಆಯಿತೇನಪ್ಪ?"