ಇಕ್ಕಟ್ಟಿನ ಜಾಗಕ್ಕೆ ಸಣ್ಣ ಕೈ ಬೇಡ

(ಶಹಾಪುರದಲ್ಲಿ ವಾಹನ ದುರಸ್ತಿ ಕಾಯಕದವರಿಗಾಗಿ ನಡೆದ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಕಾಯಕದ ಬಗ್ಗೆ ಮಾತಾಡಬೇಕೆಂದು ಸಂಘಟಕರು ಹೇಳಿದರು. ಕಾಯಕದ ತತ್ವವನ್ನು ಬಿಡಿಸಿ ಹೇಳುವ ಪಂಡಿತರು ಈ ವೇದಿಕೆಗೆ ಬಹಳ ಮಂದಿ ಬಂದು ಹೋಗಿದ್ದಾರೆ. ನಾನು 30 ವರ್ಷ ಪಾನಾ ಹಿಡಿದವನು. ಅದಕ್ಕೇ ನನಗೆ ಗೊತ್ತಿರುವ ಒಂದು ಸಣ್ಣ ಕೆಲಸವನ್ನು ಹಿಡಿದು ಮಾತಾಡುತ್ತೇನೆ. ಪೆಟ್ರೋಲ್ ಗಾಡಿಯ ಪ್ಲಗ್ ವೈರ್ ಬದಲಿಸುವ ಕೆಲಸ. ಇಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಮಂದಿ ಇದನ್ನು ನೂರಾರು ಸಲ ಮಾಡಿದ್ದೀರಿ. ಆದರೂ ಇದರೊಳಗೆ ಒಂದು ಪ್ರಶ್ನೆ ಇದೆ, ಅದನ್ನು ನಾವು ಯಾರೂ ಬಾಯಿಬಿಟ್ಟು ಕೇಳಿಕೊಂಡಿಲ್ಲ. ಇಂಜಿನ್ ಇಕ್ಕಟ್ಟಾಗಿದ್ದಾಗ ಒಳಗೆ ಹೋಗಬೇಕಾದ ಕೈ ಯಾರದು?

ಮೊದಲು ಕೆಲಸದ ವಿಷಯ ಹೇಳುತ್ತೇನೆ, ತಾಯಂದಿರಿಗೂ ತಿಳಿಯುವ ಹಾಗೆ.

ಗಾಡಿಯ ಬ್ಯಾಟರಿ 12 ವೋಲ್ಟಿನದು. ಅದನ್ನು ಮುಟ್ಟಿದರೆ ನಮಗೆ ಏನೂ ಆಗುವುದಿಲ್ಲ. ಆದರೆ ಸಿಲಿಂಡರಿನ ಒಳಗೆ ಒತ್ತಿಕೊಂಡಿರುವ ಗಾಳಿ ಮತ್ತು ಪೆಟ್ರೋಲಿಗೆ ಕಿಡಿ ಹಾರಿಸಲು 12 ವೋಲ್ಟ್ ಸಾಲದು. ಇಗ್ನಿಷನ್ ಕಾಯಿಲ್ ಅದನ್ನು ಹತ್ತು, ಇಪ್ಪತ್ತು ಸಾವಿರ ವೋಲ್ಟಿಗೆ ಏರಿಸುತ್ತದೆ. ಆ ವೋಲ್ಟೇಜನ್ನು ಪ್ಲಗ್ಗಿನ ತುದಿಯವರೆಗೆ ಕಾಪಾಡಿಕೊಂಡು ಒಯ್ಯುವುದೇ ಪ್ಲಗ್ ವೈರಿನ ಕೆಲಸ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರಿಗೆ ಸೆಕೆಂಡಿಗೆ 25 ಕಿಡಿ ಬೇಕು. ಮೂರು ಸಿಲಿಂಡರಿನ ಗಾಡಿಯಾದರೆ 75. ಇಷ್ಟು ಕಿಡಿಗಳನ್ನು ಒಂದೂ ತಪ್ಪದಂತೆ ಮುಟ್ಟಿಸುವುದು ಬೆರಳು ಗಾತ್ರವೂ ಇಲ್ಲದ ಆ ವೈರು.

ವೈರಿನ ಮೇಲಿನ ರಬ್ಬರ್ ಬಿಸಿಗೆ ಒಣಗುತ್ತದೆ, ಬಿರುಕು ಬಿಡುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ನೆರಳಿನಲ್ಲೇ 42 ಡಿಗ್ರಿ ಇರುತ್ತದೆ, ಇಂಜಿನ್ ಪಕ್ಕದ ಮಾತು ಹೇಳುವುದೇ ಬೇಡ. ಬಿರುಕು ಬಿಟ್ಟ ಮೇಲೆ ಕಿಡಿ ಪ್ಲಗ್ಗಿನವರೆಗೆ ಹೋಗುವ ಕಷ್ಟ ಪಡುವುದಿಲ್ಲ. ಹತ್ತಿರದ ಕಬ್ಬಿಣಕ್ಕೆ ಹಾರಿಬಿಡುತ್ತದೆ. ಆಗ ಗಾಡಿ ಮಿಸ್ ಹೊಡೆಯುತ್ತದೆ. ಏರು ಹತ್ತುವಾಗ ಜಗ್ಗುತ್ತದೆ. ಮಳೆಗಾಲದ ಬೆಳಿಗ್ಗೆ ಚಾಲೂ ಆಗುವುದಿಲ್ಲ, ಮಧ್ಯಾಹ್ನ ಸುಮ್ಮನೆ ಚಾಲೂ ಆಗುತ್ತದೆ. ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರಿಗೆ ಹೋಗುತ್ತದೆ.

ಇನ್ನು ಇಕ್ಕಟ್ಟಿನ ಮಾತು. ನಮ್ಮ ಸೀಮೆಯಲ್ಲಿ ಇದಕ್ಕೆ ಹೆಸರಾದ ಗಾಡಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು 2019ರವರೆಗೆ ತಯಾರಾಯಿತು. 796 ಸಿಸಿ, ಮೂರು ಸಿಲಿಂಡರ್. ಅದರ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ, ಮೊಣಕಾಲೂರಿ, ತಲೆ ಬಗ್ಗಿಸಿ ಕೈ ಹಾಕಬೇಕು. ಕೆಂಭಾವಿ, ಹುಣಸಗಿ, ವಡಗೇರಾ ಕಡೆ ಇಂದಿಗೂ ಹಳೆಯ ಓಮ್ನಿಗಳು ಶಾಲೆಯ ಮಕ್ಕಳನ್ನು, ಸಂತೆಯ ಜನರನ್ನು, ಹೆರಿಗೆಗೆ ಹೊರಟ ಹೆಣ್ಣುಮಕ್ಕಳನ್ನು ಹೊತ್ತು ಓಡುತ್ತವೆ. ಎಷ್ಟೋ ಗಾಡಿಗಳಿಗೆ ಗ್ಯಾಸ್ ಕಿಟ್ ಬೇರೆ ಕೂಡಿಸಿರುತ್ತಾರೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗುವುದಿಲ್ಲ, ತಗ್ಗಿನಲ್ಲಿ ಕೂಡುತ್ತದೆ. ಅಲ್ಲೇ ಬಿರುಕು ಬಿಟ್ಟ ವೈರಿನಿಂದ ಕಿಡಿ ಹಾರಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲಿನ ಸೀಟಿನಲ್ಲಿ ಕೂತಿರುವುದು ನಮ್ಮ ನಿಮ್ಮ ಮಕ್ಕಳು.

ಇಕ್ಕಟ್ಟು ಬಡವರ ಗಾಡಿಗೆ ಮಾತ್ರ ಇರುವುದಲ್ಲ. ದೊಡ್ಡವರ ಸ್ಪೋರ್ಟ್ಸ್ ಕಾರುಗಳಲ್ಲಿ ಇನ್ನೂ ಹೆಚ್ಚು. 1964ರಲ್ಲಿ ಇಂಗ್ಲೆಂಡಿನಲ್ಲಿ ಸನ್‌ಬೀಮ್ ಟೈಗರ್ ಎಂಬ ಕಾರು ಬಂತು. ಸಣ್ಣ ಕಾರಿನ ಹೊಟ್ಟೆಯಲ್ಲಿ ಫೋರ್ಡ್ ಕಂಪನಿಯ ಎಂಟು ಸಿಲಿಂಡರಿನ ಇಂಜಿನ್ ತುರುಕಿದ್ದರು. ಎಂಟು ಪ್ಲಗ್ಗುಗಳಲ್ಲಿ ಒಂದಕ್ಕೆ ಬಾನೆಟ್ ಕಡೆಯಿಂದ ಕೈಯೇ ಹೋಗುತ್ತಿರಲಿಲ್ಲ. ಆಗ ಅದನ್ನು ಮಾಡಿದವರು ಏನು ಮಾಡಿದರು? ಇಂಜಿನ್ನಿಗೂ ಒಳಗೆ ಕೂರುವ ಜಾಗಕ್ಕೂ ನಡುವೆ ಇರುವ ತಗಡಿನಲ್ಲಿ ಒಂದು ತೂತು ಇಟ್ಟು, ರಬ್ಬರ್ ಬಿರಡೆ ಹಾಕಿದರು. ಬಿರಡೆ ತೆಗೆದು ಅಲ್ಲಿಂದ ಪಾನಾ ಹಾಕುವುದು. ಕೈ ಹೋಗದ ಕಡೆ ದಾರಿ ಮಾಡಿದರು. ಈ ಮಾತನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ನಾವು ಏನು ಮಾಡುತ್ತೇವೆ? "ಏ ತಮ್ಮಾ, ಬಾರೋ ಇಲ್ಲಿ, ನಿನ್ನ ಕೈ ಸಣ್ಣದೈತಿ, ಒಳಗ ಹಾಕು" ಎನ್ನುತ್ತೇವೆ.

ಯಾವ ಊರಿನ ಯಾವ ಗ್ಯಾರೇಜು ಎಂದು ನಾನು ಹೇಳುವುದಿಲ್ಲ. ಹೆಸರು ಹೇಳಿ ಒಬ್ಬರನ್ನು ನಿಲ್ಲಿಸಿದರೆ ಉಳಿದವರಿಗೆ ತಪ್ಪಿಸಿಕೊಂಡ ಹಾಗೆ ಆಗುತ್ತದೆ. ಹತ್ತು, ಹನ್ನೊಂದು ವರ್ಷದ ಹುಡುಗ. ತಂದೆ ತಾಯಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ದುಡಿಯಲು ಹೋಗಿರುತ್ತಾರೆ. ಅಜ್ಜಿಯ ಹತ್ತಿರ ಇರುವ ಹುಡುಗ ಶಾಲೆ ತಪ್ಪಿಸುತ್ತಾನೆ. ಚಹಾ ತರಲು ಬಂದವನು ಪಾನಾ ಕೊಡುತ್ತಾನೆ, ಪಾನಾ ಕೊಡುತ್ತಿದ್ದವನು ಒಂದು ದಿನ ಸೀಟಿನ ಕೆಳಗೆ ಕೈ ಹಾಕುತ್ತಾನೆ. ಓಡಿ ಬಂದ ಗಾಡಿಯ ಎಗ್ಝಾಸ್ಟ್ ಕೊಳವೆ ಕೆಂಡದ ಹಾಗೆ ಕಾದಿರುತ್ತದೆ. ಚಾಲೂ ಇರುವಾಗಲೇ ವೈರ್ ಕಿತ್ತು ನೋಡು ಎಂದರೆ ಸಾವಿರಾರು ವೋಲ್ಟಿನ ಪೆಟ್ಟು ತಗಲುತ್ತದೆ. ಆ ಪೆಟ್ಟಿಗೆ ಕೈ ಜಾಡಿಸಿದರೆ ತಿರುಗುವ ಬೆಲ್ಟಿಗೆ ಸಿಗುತ್ತದೆ. ದೊಡ್ಡವರು ನಗುತ್ತಾರೆ. "ಪೆಟ್ಟು ತಿಂದರೇ ಮೇಸ್ತ್ರಿ ಆಗುವುದು" ಎನ್ನುತ್ತಾರೆ. ಪೆಟ್ಟು ತಿಂದು ಕಲಿತವರು ನಾವೂ ಇದ್ದೇವೆ. ನಾವು ತಿಂದೆವು ಎಂಬುದು ಇನ್ನೊಬ್ಬನಿಗೆ ತಿನ್ನಿಸಲು ಪರವಾನಗಿ ಆಗುವುದಿಲ್ಲ.

14 ತುಂಬದ ಮಗುವನ್ನು ಹೀಗೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ ಇದು ಇನ್ನೂ ಬಿಗಿಯಾಗಿದೆ. ಆದರೆ ನಾನು ಕಾನೂನಿನ ಹೆದರಿಕೆ ಹಾಕಲು ಬಂದಿಲ್ಲ. ದೊಡ್ಡವರ ಕೈಯಿಂದಲೇ ಈ ಕೆಲಸ ಚೆನ್ನಾಗಿ ಆಗುತ್ತದೆ ಎಂದು ಹೇಳಲು ಬಂದಿದ್ದೇನೆ. ಹೇಗೆ, ಕೇಳಿ.

ಒಂದು, ಕಾಯಬೇಕು. ಬಿಸಿ ಇಂಜಿನ್ನಿಗೆ ಕೈ ಹಾಕಬಾರದು. ಓಮ್ನಿಯ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು. ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಅದರ ಆಟಿಯೇ ಕಿತ್ತು ಬರಬಹುದು. ಗಿರಾಕಿಗೆ ಚಹಾ ಕುಡಿದು ಬರಲು ಹೇಳಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಗ್ಯಾಸ್ ಇದ್ದರೆ ಸಿಲಿಂಡರಿನ ವಾಲ್ವ್ ಬಂದ್ ಮಾಡಿ, ಎಲ್ಲ ಬಾಗಿಲು ತೆರೆದಿಡಿ. ವಾಸನೆ ಬಂದರೆ ಮೊದಲು ಸೋರಿಕೆ ಹುಡುಕಿ, ಆಮೇಲೆ ವೈರಿನ ಮಾತು.

ಎರಡು, ಜಾಗ ಮಾಡಿಕೊಳ್ಳಬೇಕು. ಅಡ್ಡ ಬರುವ ಪೈಪು, ಡಬ್ಬಿ ಏನಿದ್ದರೂ ಬಿಚ್ಚಿ ಪಕ್ಕಕ್ಕಿಡಿ. ಇದಕ್ಕೆ ಅರ್ಧ ತಾಸು ಹಿಡಿಯುತ್ತದೆ. ಸಣ್ಣ ಕೈಯನ್ನು ನಾವು ಕರೆಯುವುದು ಈ ಅರ್ಧ ತಾಸು ಉಳಿಸಲಿಕ್ಕೇ. ಆ ಅರ್ಧ ತಾಸಿನ ಕೂಲಿಯನ್ನು ಗಿರಾಕಿಗೆ ಮೊದಲೇ ಹೇಳಿ ತೆಗೆದುಕೊಳ್ಳಿ. ಅದು ನ್ಯಾಯವಾದ ಕೂಲಿ.

ಮೂರು, ಒಂದು ಬಿಚ್ಚಿ ಒಂದು ಹಾಕಬೇಕು. ಮೂರನ್ನೂ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಯದೆಂದು ತಿಳಿಯುವುದಿಲ್ಲ. ಓಮ್ನಿಯಲ್ಲಿ ಕಿಡಿ ಹಾರುವ ಸರದಿ 1, 3, 2. ಸಾಲಾಗಿ 1, 2, 3 ಎಂದು ಕೂಡಿಸಿದರೆ ಗಾಡಿ ಚಾಲೂ ಆಗದು. ಆದರೆ ಕೆಮ್ಮುತ್ತದೆ, ಕಾರ್ಬ್ಯುರೇಟರಿಗೆ ಬೆಂಕಿ ತಿರುಗಿ ಹೊಡೆಯಬಹುದು. ಒಂದೊಂದಕ್ಕೂ ಟೇಪು ಸುತ್ತಿ ನಂಬರ್ ಬರೆಯಿರಿ. ಹಳೆಯದರ ಪಕ್ಕದಲ್ಲಿಟ್ಟು ಅದೇ ಉದ್ದದ ಹೊಸದನ್ನು ಆರಿಸಿ. ನಮ್ಮ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನವರು ನೇಯ್ಗೆಯ ಕಾಯಕದವರು. ಮಗ್ಗದ ಹಾಸಿನಲ್ಲಿ ಒಂದು ಎಳೆ ತನ್ನ ಮನೆ ಬಿಟ್ಟು ಇನ್ನೊಂದರ ಮನೆಗೆ ಹೋದರೆ ಬಟ್ಟೆ ಕೆಡುತ್ತದೆಂದು ನೇಕಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ವೈರಿನ ಲೆಕ್ಕವೂ ಅದೇ.

ನಾಲ್ಕು, ವೈರನ್ನು ಹಿಡಿದು ಎಳೆಯಬಾರದು. ತುದಿಯ ರಬ್ಬರ್ ಟೊಪ್ಪಿಗೆಯನ್ನು ಹಿಡಿದು ಸ್ವಲ್ಪ ತಿರುಚಿ, ಬಿಟ್ಟುಕೊಂಡ ಮೇಲೆ ಎಳೆಯಿರಿ. ವೈರನ್ನೇ ಜಗ್ಗಿದರೆ ಒಳಗಿನ ಕಾರ್ಬನ್ ಎಳೆ ತುಂಡಾಗುತ್ತದೆ. ಹೊರಗೆ ಕಾಣುವುದೂ ಇಲ್ಲ. ಪ್ಲಗ್ಗನ್ನೂ ಬದಲಿಸುವುದಿದ್ದರೆ ಅದರ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆಯಿರಿ. ಇಲ್ಲದಿದ್ದರೆ ಧೂಳು ಸಿಲಿಂಡರಿಗೆ ಬೀಳುತ್ತದೆ.

ಐದು, ಬೆರಳು ಹೋಗದ ಕಡೆ ಪ್ಲಗ್ ಕೂಡಿಸಲು ಒಂದು ಗೇಣುದ್ದದ ಪೆಟ್ರೋಲ್ ಪೈಪಿನ ತುಂಡು ಸಾಕು. ಪೈಪಿನ ಬಾಯಿಗೆ ಪ್ಲಗ್ಗಿನ ತಲೆ ಸಿಕ್ಕಿಸಿ, ಪೈಪನ್ನು ತಿರುಗಿಸುತ್ತಾ ಹೋಗಿ. ಆಟಿ ಸರಿಯಾಗಿ ಕೂತರೆ ಪ್ಲಗ್ ಹಗುರಾಗಿ ಇಳಿಯುತ್ತದೆ. ಓರೆಯಾಗಿ ಹಿಡಿದರೆ ಪೈಪು ಜಾರುತ್ತದೆ, ಹೆಡ್ ಉಳಿಯುತ್ತದೆ. ಸಣ್ಣ ಕೈ ಮಾಡುವ ಕೆಲಸವನ್ನು ಈ ತುಂಡು ಪೈಪು ಅದಕ್ಕಿಂತ ಚೆನ್ನಾಗಿ ಮಾಡುತ್ತದೆ. ಇದೇ ನಮ್ಮ ಸನ್‌ಬೀಮಿನ ತೂತು. ಆಮೇಲೆ ಉದ್ದ ಎಕ್ಸ್‌ಟೆನ್ಷನ್ ಹಾಕಿ ಹದವಾಗಿ ಬಿಗಿ ಮಾಡಿ.

ಆರು, ವೈರ್ ಮೊದಲು ಹೋದ ದಾರಿಯಲ್ಲೇ ಹೋಗಬೇಕು, ಕ್ಲಿಪ್ಪಿನಲ್ಲಿ ಕೂಡಬೇಕು. ಎಗ್ಝಾಸ್ಟ್ ಮುಟ್ಟಬಾರದು, ಎಕ್ಸಲೇಟರ್ ಕೇಬಲ್ಲಿಗೆ ತಾಗಬಾರದು. ಟೊಪ್ಪಿಗೆಯ ಒಳಗೆ ತೆಳುವಾಗಿ ಸಿಲಿಕಾನ್ ಗ್ರೀಸ್ ಹಚ್ಚಿ, ಟಕ್ ಎಂದು ಕೂಡುವವರೆಗೆ ಒತ್ತಿ. ಪರೀಕ್ಷೆಗೆ ವೈರ್ ಕಿತ್ತು ನೋಡುವುದು ಬೇಡ. ಗ್ಯಾಸ್, ಪೆಟ್ರೋಲಿನ ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕತ್ತಲಾದ ಮೇಲೆ ಗಾಡಿ ಚಾಲೂ ಮಾಡಿ ದೂರದಿಂದ ಕಣ್ಣಿಟ್ಟು ನೋಡಿ. ಎಲ್ಲಿಯಾದರೂ ನೀಲಿ ಕಿಡಿ ಕಂಡರೆ ಅಲ್ಲಿ ಸೋರಿಕೆ ಇದೆ.

ಇನ್ನೊಂದು ಮಾತು, ಬಿಲ್ಲಿನದು. ಗಾಡಿ ಜಗ್ಗುತ್ತದೆ ಎಂದು ಬಂದವನಿಗೆ ನೋಡದೆಯೇ ಕಾಯಿಲ್, ಪ್ಲಗ್, ವೈರ್, ಕಾರ್ಬ್ಯುರೇಟರ್ ಎಲ್ಲ ಬದಲಿಸಿ ಕಳಿಸುವವರೂ ಇದ್ದಾರೆ. ಮೀಟರ್ ಹಚ್ಚಿ ಮೂರು ವೈರ್ ಅಳೆಯಲು ಐದು ನಿಮಿಷ ಸಾಕು. ಉದ್ದಕ್ಕೆ ತಕ್ಕಂತೆ ಮೂರರ ಅಳತೆಯೂ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ಬಹಳ ಹೆಚ್ಚು ತೋರಿಸಿದರೆ ಅಥವಾ ಏನೂ ತೋರಿಸದಿದ್ದರೆ ಕಳ್ಳ ಸಿಕ್ಕ ಹಾಗೆ. ಬದಲಿಸಿದ ಹಳೆಯ ಸಾಮಾನನ್ನು ಗಿರಾಕಿಯ ಕೈಗೆ ಕೊಡಿ. ಕೃಷ್ಣೆಯ ಆಚೆ ದಡದ ಲಿಂಗಸುಗೂರು ಸೀಮೆಯಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ. ಒಂದು ದಿನ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಿರುಗಿ ಅಲ್ಲಿಯೇ ಸುರಿದು ಬರುವಂತೆ ಕಳಿಸಿದವರು ಆ ತಾಯಿ. ಗಿರಾಕಿಗೆ ಬೇಡದ ಸಾಮಾನು ಬಿಲ್ಲಿಗೆ ಏರುವಾಗ ಲಕ್ಕಮ್ಮ ತಾಯಿ ನಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಾರೆ ಎಂದುಕೊಳ್ಳಿ.

ಅದೇ ಲೆಕ್ಕ ಹುಡುಗನ ವಿಷಯಕ್ಕೂ ಬರುತ್ತದೆ. ಅವನ ಶಾಲೆಯ ದಿನಗಳು ನಮಗೆ ಸೇರಿದ್ದಲ್ಲ. ನಮ್ಮದಲ್ಲದ್ದನ್ನು ನಾವು ತಂದಿಟ್ಟುಕೊಂಡಿದ್ದೇವೆ. ತಿರುಗಿ ಕೊಡಬೇಕು.

"ಶಾಲೆ ಬಿಟ್ಟ ಹುಡುಗನನ್ನು ನಾವು ಸಾಕದಿದ್ದರೆ ಅವನು ಬೀದಿಪಾಲಾಗುತ್ತಾನೆ" ಎಂದು ಕೆಲವರು ಹೇಳುತ್ತಾರೆ. ಕೆಟ್ಟ ಮನಸ್ಸಿನಿಂದ ಹೇಳುವ ಮಾತಲ್ಲ ಅದು. ಅವರಲ್ಲಿ ಬಹಳ ಮಂದಿ ಹುಡುಗನಿಗೆ ಊಟ ಹಾಕುತ್ತಾರೆ, ಹಬ್ಬಕ್ಕೆ ಬಟ್ಟೆ ಕೊಡಿಸುತ್ತಾರೆ. ಆದರೆ ಊಟ ಹಾಕುವ ಮನಸ್ಸಿದ್ದರೆ ಅದಕ್ಕೆ ಕೆಲಸದ ಷರತ್ತು ಏಕೆ? ನಮ್ಮ ಮಠಗಳಲ್ಲಿ ಉಚಿತ ಪ್ರಸಾದ ನಿಲಯಗಳಿವೆ. ಸರಕಾರದ ಹಾಸ್ಟೆಲ್ಲುಗಳಿವೆ. ಹುಡುಗನ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗುವುದೂ ದಾಸೋಹವೇ. ದಾರಿ ತೋಚದಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ಒಂದು ಫೋನ್ ಮಾಡಿ. ಅವನು ಹತ್ತನೆಯ ತರಗತಿ ಮುಗಿಸಲಿ. ಆಮೇಲೆ ಐಟಿಐ ಸೇರಲಿ, ನಿಮ್ಮ ಹತ್ತಿರ ಕಲಿಯಲು ಬರಲಿ. ಆಗ ಅವನು ಮೀಟರ್ ಓದುತ್ತಾನೆ, ಕಂಪನಿಯ ಪುಸ್ತಕ ನೋಡಿ ಕೆಲಸ ಮಾಡುತ್ತಾನೆ. ಈಗಿನ ಹೊಸ ಗಾಡಿಗಳಲ್ಲಿ ಪ್ಲಗ್ ವೈರೇ ಇಲ್ಲ, ಒಂದೊಂದು ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲ್ ಕೂತಿದೆ. ದೋಷ ಹುಡುಕಲು ಕಂಪ್ಯೂಟರ್ ಬೇಕು. ಓದು ಬಾರದ ಹುಡುಗ ನಾಳೆ ಆ ಗಾಡಿಯ ಮುಂದೆ ಏನು ಮಾಡಬೇಕು? ಹತ್ತನೇ ವಯಸ್ಸಿಗೆ ಪಾನಾ ಹಿಡಿಸಿದರೆ ಕಸುಬು ಕಲಿಸಿದ ಹಾಗೆ ಎಂದುಕೊಳ್ಳುತ್ತೇವೆ. ಕಸುಬೇ ಮುಂದೆ ಹೋಗಿಬಿಟ್ಟಿರುತ್ತದೆ, ಅವನು ಹಿಂದೆ ಉಳಿಯುತ್ತಾನೆ.

ಮೂರು ಬಿನ್ನಹ ಮಾಡಿ ಮುಗಿಸುತ್ತೇನೆ. ಮಾಲೀಕರಿಗೆ: ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲು ನಿಮ್ಮಲ್ಲಿರುವ 14 ತುಂಬದ ಹುಡುಗರ ಹೆಸರನ್ನು ಪೂಜ್ಯರ ಕೈಗೆ ಕೊಡಿ. ಗಾಡಿಯವರಿಗೆ: ಮೇಸ್ತ್ರಿ ಇನ್ನರ್ಧ ತಾಸು ಕೇಳಿದರೆ ಗದರಬೇಡಿ, ಅದರ ಕೂಲಿ ಕೊಡಿ; ನಿಮ್ಮ ಗಾಡಿಯೊಳಗೆ ಮಗುವಿನ ಕೈ ಹೋಗುವುದು ಕಂಡರೆ ಬೇಡ ಎನ್ನಿ. ಮೇಸ್ತ್ರಿಗಳಿಗೆ: ನಾಳೆ ಬೆಳಿಗ್ಗೆಯೇ ಒಂದು ಗೇಣು ಪೈಪು ಕತ್ತರಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ.