ವರ್ಚುವಲ್ ರಿಯಾಲಿಟಿ ಓದುತ್ತೇನೆ ಎಂದು ಮಕ್ಕಳು ಕೇಳಿದರೆ

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟ್‌ನ ಹಿಂದಿನ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)

 

ಒಂಬತ್ತು ವರ್ಷಗಳ ಹಿಂದೆ ಇದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ನಾನು ಅಬ್ಬಾ ಜೊತೆ ಕೂತಿದ್ದೆ. ಅಬ್ಬಾ ದಾವಣಗೆರೆಯಲ್ಲಿ ವೆಲ್ಡಿಂಗ್ ಕೆಲಸದವರು. ಗೇಟು, ಗ್ರಿಲ್ಲು, ಶೆಡ್ಡಿನ ಕಂಬ ಮಾಡುತ್ತಾರೆ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್‌ನ ನಾಲ್ಕು ವರ್ಷದ ಶುಲ್ಕದಲ್ಲಿ ದೊಡ್ಡ ಪಾಲನ್ನು ಈ ಟ್ರಸ್ಟ್ ಕಟ್ಟಿತು. ಈಗ ಬೆಂಗಳೂರಿನಲ್ಲಿ ವಿಆರ್ ಮೂಲಕ ಕೈಕೆಲಸದ ತರಬೇತಿ ತಯಾರಿಸುವ ತಂಡವೊಂದರಲ್ಲಿದ್ದೇನೆ. ಈ ವರ್ಷದ ಅರ್ಜಿಗಳಲ್ಲಿ ಕೆಲವು ಮಕ್ಕಳು ಇದೇ ವಿಷಯ ಬರೆದಿದ್ದಾರಂತೆ. ಹಾಗಾಗಿ ನನ್ನನ್ನು ಕರೆದಿದ್ದಾರೆ.

ಇದು ಏನು ಎಂದು ಮೊದಲು ಹೇಳಿಬಿಡುತ್ತೇನೆ. ಕಣ್ಣಿಗೆ ಪೂರ್ತಿ ಮುಚ್ಚುವ ಹೆಡ್‌ಸೆಟ್ ಹಾಕಿಕೊಂಡರೆ ಈ ಸಭಾಂಗಣ ಮಾಯವಾಗಿ ಬೇರೆ ಜಾಗ ಕಾಣುತ್ತದೆ. ಅದು ವರ್ಚುವಲ್ ರಿಯಾಲಿಟಿ, ವಿಆರ್. ಸಭಾಂಗಣ ಇದ್ದ ಹಾಗೇ ಇದ್ದು, ಅದರ ಮೇಲೆ ಇಲ್ಲದ ವಸ್ತುವನ್ನು ಇಟ್ಟು ತೋರಿಸಿದರೆ ಆಗ್ಮೆಂಟೆಡ್ ರಿಯಾಲಿಟಿ, ಎಆರ್. 2016ರಲ್ಲಿ ಹುಡುಗರು ಮೊಬೈಲ್ ಹಿಡಿದು ರಸ್ತೆಯಲ್ಲಿ ಪೋಕೆಮಾನ್ ಹುಡುಕುತ್ತಿದ್ದರಲ್ಲ, ಅದು ಎರಡನೆಯದು. ಇದು ಹೊಸದೂ ಅಲ್ಲ. ಅಮೆರಿಕದ ಇವಾನ್ ಸದರ್‌ಲ್ಯಾಂಡ್ 1968ರಲ್ಲೇ ತಲೆಗೆ ಹಾಕುವ ಪರದೆ ಮಾಡಿದ್ದರು. ಭಾರ ತಾಳದೆ ಅದನ್ನು ಮೇಲ್ಛಾವಣಿಯಿಂದ ತೂಗು ಹಾಕಬೇಕಾಗಿತ್ತು.

ಮನೆಯಲ್ಲಿ ನನಗೆ ಎದುರಾದ ಪ್ರಶ್ನೆ, "ಗೇಮ್ ಆಡೋದಕ್ಕೆ ಕಾಲೇಜು ಬೇಕಾ?" ಗಲ್ಫ್‌ನಿಂದ ಮಾಮು ಫೋನ್ ಮಾಡಿ, ಸಿವಿಲ್ ತೆಗೆದುಕೋ ಎಂದರು. ಅವರ ಆತಂಕ ತಪ್ಪಲ್ಲ. ಆದರೆ ಈ ಓದಿನಲ್ಲಿ ಆಟಕ್ಕಿಂತ ಗಣಿತ ಹೆಚ್ಚು. ನೀವು ತಲೆ ತಿರುಗಿಸಿದ ಕೂಡಲೇ ಕಾಣುವ ಜಗತ್ತೂ ತಿರುಗಬೇಕು. ಸಿನಿಮಾಗೆ ಸೆಕೆಂಡಿಗೆ 24 ಚಿತ್ರ ಸಾಕು, ಒಳ್ಳೆಯ ಹೆಡ್‌ಸೆಟ್‌ಗೆ 90ರಷ್ಟು ಬೇಕು, ಅದೂ ಒಂದೊಂದು ಕಣ್ಣಿಗೆ ಬೇರೆ ಬೇರೆಯಾಗಿ. ಅಂದರೆ ಒಂದು ಚಿತ್ರ ಬಿಡಿಸಲು ಕಂಪ್ಯೂಟರ್‌ಗೆ ಸಿಗುವುದು ಸುಮಾರು 11 ಮಿಲಿಸೆಕೆಂಡ್. ತಡವಾದರೆ ನೋಡುವವರಿಗೆ ಘಾಟಿ ರಸ್ತೆಯ ಬಸ್ಸಿನಲ್ಲಿ ಆಗುವ ಹಾಗೆ ಹೊಟ್ಟೆ ತೊಳೆಸುತ್ತದೆ. ಪಿಯುಸಿಯಲ್ಲಿ ಪರೀಕ್ಷೆಗಷ್ಟೇ ಎಂದು ಓದಿದ ವೆಕ್ಟರ್, ಮ್ಯಾಟ್ರಿಕ್ಸ್ ನನಗೆ ದಿನಾ ಬೇಕು. ಯೂನಿಟಿ ಎಂಬ ತಂತ್ರಾಂಶದಲ್ಲಿ ಕೆಲಸ ಮಾಡಲು ಸಿ ಶಾರ್ಪ್ ಭಾಷೆ ಬೇಕು, ಅನ್‌ರಿಯಲ್‌ಗೆ ಸಿ ಪ್ಲಸ್ ಪ್ಲಸ್.

ಗಣಿತದಿಂದಲೂ ಎಲ್ಲವೂ ಆಗುವುದಿಲ್ಲ. ನಮ್ಮ ವೆಲ್ಡಿಂಗ್ ತರಬೇತಿ ತಯಾರಾದಾಗ ಅಬ್ಬಾಗೆ ಹೆಡ್‌ಸೆಟ್ ಹಾಕಿಸಿದೆ. ಅದರಲ್ಲಿ ಕರೆಂಟೂ ಇಲ್ಲ, ಹೊಗೆಯೂ ಇಲ್ಲ, ರಾಡೂ ಖರ್ಚಾಗುವುದಿಲ್ಲ. ಕಲಿಯುವವನು ರಾಡನ್ನು ಯಾವ ಕೋನದಲ್ಲಿ, ಎಷ್ಟು ದೂರದಲ್ಲಿ, ಯಾವ ವೇಗದಲ್ಲಿ ಹಿಡಿದ ಎಂದು ಕಂಪ್ಯೂಟರ್ ಅಳೆಯುತ್ತದೆ. ಅಬ್ಬಾ ಒಂದು ಗೆರೆ ಎಳೆದು ಹೆಡ್‌ಸೆಟ್ ತೆಗೆದರು. "ಬೇಟಾ, ಸದ್ದು ಸರಿಯಿಲ್ಲ. ಸರಿಯಾಗಿ ಹಿಡಿದರೆ ಮೆಣಸಿನಕಾಯಿ ಬಜ್ಜಿ ಕರಿದ ಹಾಗೆ ಕೇಳಬೇಕು. ದೂರ ಹೋದರೆ ಸದ್ದು ಬದಲಾಗಬೇಕು. ನಿನ್ನದು ಎಲ್ಲಾ ಕಡೆ ಒಂದೇ." ನಾವು ಆರು ಜನ ಎಂಜಿನಿಯರುಗಳು ತಿಂಗಳುಗಟ್ಟಲೆ ಕೂತಿದ್ದೆವು, ನಮಗೆ ಅದು ಹೊಳೆದಿರಲಿಲ್ಲ. ಮರುವಾರ ಅವರ ಶೆಡ್ಡಿಗೆ ಮೈಕ್ ತಂದು ಸದ್ದು ರೆಕಾರ್ಡ್ ಮಾಡಿಕೊಂಡು ಹೋದೆವು. ನಮ್ಮ ಮನೆಗಳ ಮಕ್ಕಳಿಗೆ ಗ್ಯಾರೇಜು, ಟೈಲರಿಂಗ್, ಬಡಗಿ ಕೆಲಸ ಹತ್ತಿರದಿಂದ ಗೊತ್ತಿರುತ್ತದೆ. ಅರ್ಜಿಯಲ್ಲಿ ಅದನ್ನು ಮುಚ್ಚಿಡಬೇಡಿ.

ಈಗ ಪೋಷಕರಿಗೆ. ಕಾಲೇಜಿನ ಜಾಹೀರಾತಿನಲ್ಲಿ ಹೆಡ್‌ಸೆಟ್ ಹಾಕಿದ ಹುಡುಗಿಯ ಫೋಟೊ ನೋಡಿ ದುಡ್ಡು ಕಟ್ಟಬೇಡಿ. ನಾನು ಓದಿದಲ್ಲಿ ಎರಡು ಹೆಡ್‌ಸೆಟ್ ಇದ್ದವು, ಬೀರುವಿನಲ್ಲಿ. ಪರಿಶೀಲನಾ ತಂಡ ಬಂದ ದಿನ ಹೊರಗೆ ಬಂದವು, ಸಂಜೆ ಮತ್ತೆ ಒಳಗೆ. ಲ್ಯಾಬ್ ಎಷ್ಟು ಗಂಟೆ ತೆರೆದಿರುತ್ತದೆ, ಕಳೆದ ವರ್ಷದ ಮಕ್ಕಳು ಮಾಡಿದ ಪ್ರಾಜೆಕ್ಟ್ ತೋರಿಸುತ್ತೀರಾ ಎಂದು ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ. ವಿಆರ್ ಎಂಬ ಹೆಸರೇ ಪದವಿಯಲ್ಲಿ ಇರಬೇಕೆಂದಿಲ್ಲ. ಕಂಪ್ಯೂಟರ್ ಸೈನ್ಸ್ ಓದಿ ಇತ್ತ ಬರಬಹುದು, ಡಿಸೈನ್ ಓದಿಯೂ ಬರಬಹುದು. ಐಐಟಿಗಳ ಡಿಸೈನ್ ಪದವಿಗೆ ಯುಸೀಡ್ ಪರೀಕ್ಷೆ ಇದೆ, ಎನ್‌ಐಡಿಗೆ ಅದರದ್ದೇ ಪ್ರವೇಶ ಪರೀಕ್ಷೆ. ಪಿಯುಸಿಯಲ್ಲಿ ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿದ್ದವರೂ ಬರೆಯಬಹುದು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಕೆಲಸ ಖಾತ್ರಿಯೇ? ಇಲ್ಲ. ಗೂಗಲ್ ತನ್ನ ಡೇಡ್ರೀಮ್ ಅನ್ನು 2019ರಲ್ಲಿ ನಿಲ್ಲಿಸಿತು. ಮೈಕ್ರೋಸಾಫ್ಟ್ 2024ರಲ್ಲಿ ಹೋಲೋಲೆನ್ಸ್ 2ರ ತಯಾರಿಕೆ ಕೈಬಿಟ್ಟಿತು. ಅದೇ ವರ್ಷ ಆಪಲ್ ತಂದ ವಿಷನ್ ಪ್ರೋ ಬೆಲೆ 3,499 ಡಾಲರ್, ಯಾರು ಕೊಳ್ಳುತ್ತಾರೋ. ಒಂದು ಸಾಧನವನ್ನಷ್ಟೇ ಕಲಿತವರು ಅದರ ಜೊತೆಗೇ ಮುಳುಗುತ್ತಾರೆ. ಗಣಿತ, ಪ್ರೋಗ್ರಾಮಿಂಗ್, ಮೂರು ಆಯಾಮದ ಚಿತ್ರರಚನೆ ಬಲ್ಲವರು ಗೇಮ್, ಅನಿಮೇಷನ್, ವಾಹನ ವಿನ್ಯಾಸದ ಕಡೆಗೂ ಹೋಗಬಹುದು. ಕರ್ನಾಟಕ ಸರ್ಕಾರ ಈ ಕ್ಷೇತ್ರಕ್ಕೆ 2012ರಿಂದಲೇ ಪ್ರತ್ಯೇಕ ನೀತಿ ಇಟ್ಟುಕೊಂಡಿದೆ, ಬೆಂಗಳೂರಿನಲ್ಲಿ ಕಂಪನಿಗಳೂ ಇವೆ.

ಕೊನೆಗೆ ದಾನಿಗಳಲ್ಲಿ ಒಂದು ಮಾತು, ಸ್ವಲ್ಪ ಸಂಕೋಚದಿಂದಲೇ. ನನ್ನ ಶುಲ್ಕವನ್ನು ನೀವು ಕೊಟ್ಟಿರಿ. ಆದರೆ ಮೂರನೇ ವರ್ಷ ನಾನು ಓದು ಬಿಡುವ ಹಂತಕ್ಕೆ ಬಂದದ್ದು ಶುಲ್ಕದಿಂದಲ್ಲ. ಬ್ಲೆಂಡರ್ ಉಚಿತ, ಯೂನಿಟಿಯೂ ವಿದ್ಯಾರ್ಥಿಗಳಿಗೆ ಉಚಿತ. ಅವನ್ನು ಓಡಿಸುವ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಮಾತ್ರ ಉಚಿತವಲ್ಲ. ಆಗ 80,000 ರೂಪಾಯಿ ಕೇಳಿದರು. ಹಾಸ್ಟೆಲ್‌ನಲ್ಲಿ ಗೆಳತಿ ಮಲಗಿದ ಮೇಲೆ ಅವಳ ಲ್ಯಾಪ್‌ಟಾಪ್ ತೆಗೆದುಕೊಂಡು ಬೆಳಗಿನ ಜಾವದ ತನಕ ಪ್ರಾಜೆಕ್ಟ್ ಮಾಡಿದೆ. ಅವಳು ಒಂದು ದಿನವೂ ಬೇಸರಿಸಲಿಲ್ಲ. ಎಲ್ಲರಿಗೂ ಅಂಥ ಗೆಳತಿ ಸಿಗುವುದಿಲ್ಲ. ಟ್ರಸ್ಟ್ ಅಂಥ ನಾಲ್ಕು ಲ್ಯಾಪ್‌ಟಾಪ್ ಕೊಂಡು ಕಚೇರಿಯಲ್ಲಿಟ್ಟು, ಓದುವ ಮಕ್ಕಳಿಗೆ ಕೊಟ್ಟು, ಓದು ಮುಗಿದ ಮೇಲೆ ಹಿಂದಕ್ಕೆ ಪಡೆದು ಮುಂದಿನವರಿಗೆ ಕೊಡಬಹುದು. ಮೊದಲನೆಯದನ್ನು ನಾನು ತಂದಿದ್ದೇನೆ, ಅಧ್ಯಕ್ಷರ ಮೇಜಿನ ಮೇಲಿದೆ. ಉಳಿದ ಮೂರು ನಿಮಗೆ ಬಿಟ್ಟದ್ದು.

ಊಟವಾದ ಮೇಲೆ ಪಕ್ಕದ ಕೋಣೆಗೆ ಬನ್ನಿ. ಎರಡು ಹೆಡ್‌ಸೆಟ್ ಇಟ್ಟಿದ್ದೇನೆ, ಬೀರುವಿನ ಬೀಗ ತೆಗೆದೇ ಇದೆ. ಹಿರಿಯರು ಕುರ್ಚಿಯಲ್ಲಿ ಕೂತೇ ನೋಡಿ, ತಲೆ ಸುತ್ತಿದರೆ ತಕ್ಷಣ ತೆಗೆಯಿರಿ. ವೆಲ್ಡಿಂಗ್ ಹೇಗೆಂದು ತೋರಿಸಲು ಅಬ್ಬಾ ಅಲ್ಲೇ ಇರುತ್ತಾರೆ.