ರಾಜಾಬಾಯಿ ಗೋಪುರ

ಮುಂಬಯಿಯ ಕೋಟೆಯ ಭಾಗದಲ್ಲಿ, ಓವಲ್ ಮೈದಾನಕ್ಕೆ ಎದುರಾಗಿ, 280 ಅಡಿ ಎತ್ತರದ ಗಡಿಯಾರದ ಗೋಪುರವೊಂದು ನಿಂತಿದೆ. ಆ ನಗರಕ್ಕೆ ಹೋಗಿಬಂದ ನಮ್ಮಲ್ಲಿ ಅನೇಕರು ಅದನ್ನು ಕತ್ತೆತ್ತಿ ನೋಡಿದ್ದೇವೆ. ಅದಕ್ಕೆ ಹೆಸರಾದ ರಾಜಾಬಾಯಿ ಯಾರೆಂದು ವಿಚಾರಿಸಿದವರು ವಿರಳ. ಆಕೆ ರಾಣಿಯಲ್ಲ, ಪ್ರೇಮಚಂದ ರಾಯಚಂದರೆಂಬ ಅರಳೆಯ ವರ್ತಕರ ತಾಯಿ.

ಪ್ರೇಮಚಂದರು ಸೂರತಿನ ಜೈನ ಮನೆತನದವರು. ಇಂಗ್ಲಿಷು ಕಲಿತು ಮುಂಬಯಿಯಲ್ಲಿ ದಲ್ಲಾಳಿಯ ಕಸಬನ್ನು ಹಿಡಿದರು. 1861ರಲ್ಲಿ ಅಮೆರಿಕದ ಉತ್ತರ ಸಂಸ್ಥಾನಗಳಿಗೂ ದಕ್ಷಿಣ ಸಂಸ್ಥಾನಗಳಿಗೂ ಯುದ್ಧ ಹತ್ತಿತು. ಅಲ್ಲಿಂದ ಅರಳೆ ಬರುವುದು ನಿಂತುಹೋಗಲು, ಲ್ಯಾಂಕಷೈರಿನ ಗಿರಣಿಗಳು ನಮ್ಮ ದೇಶದತ್ತ ತಿರುಗಿದುವು. ಧಾರವಾಡದ ಸೀಮೆಯ ಅರಳೆಗೂ ಚಿನ್ನದ ಬೆಲೆ ಬಂದ ಕಾಲವದು. ಮುಂಬಯಿಗೆ ಹಣ ಹೊಳೆಯಾಗಿ ಹರಿಯಿತು. ದಿನಕ್ಕೊಂದು ಎನ್ನುವಂತೆ ಬ್ಯಾಂಕುಗಳೂ ಕಂಪೆನಿಗಳೂ ಹುಟ್ಟಿದುವು. ಸಮುದ್ರವನ್ನು ಹಿಂದಕ್ಕೆ ನೂಕಿ ನೆಲ ಮಾಡುತ್ತೇವೆಂದ ಬ್ಯಾಕ್‌ಬೇ ಕಂಪೆನಿಯ ಷೇರು, ಒಂದು ಬುಟ್ಟಿ ಮಣ್ಣು ಬೀಳುವ ಮೊದಲೇ ಹಲವು ಮಡಿ ಏರಿತೆಂದರೆ ಜನರ ಭ್ರಮೆಯನ್ನು ಊಹಿಸಿಕೊಳ್ಳಬಹುದು. ಈ ಎಲ್ಲ ವ್ಯವಹಾರದ ನಡುಗಂಬ ಪ್ರೇಮಚಂದರು.

ಈ ಉಬ್ಬರದಲ್ಲಿಯೇ, 1864ರಲ್ಲಿ, ಅವರು ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಪುಸ್ತಕ ಭಂಡಾರಕ್ಕೆಂದು 2 ಲಕ್ಷ ರೂಪಾಯಿಗಳನ್ನೂ, ಕೆಲವೇ ತಿಂಗಳಲ್ಲಿ ತಾಯಿಯ ಹೆಸರಿನ ಗೋಪುರಕ್ಕೆಂದು ಮತ್ತೆ 2 ಲಕ್ಷವನ್ನೂ ಕೊಟ್ಟರು. ವಿಶ್ವವಿದ್ಯಾನಿಲಯಕ್ಕೆ ಆಗ ಏಳು ವರ್ಷ; ಹೇಳಿಕೊಳ್ಳಲು ಸ್ವಂತ ಕಟ್ಟಡವಿರಲಿಲ್ಲ.

ಮರುವರ್ಷ ಅಮೆರಿಕದಲ್ಲಿ ಶಾಂತಿಯಾಯಿತು. ಶಾಂತಿಯ ವಾರ್ತೆಗೆ ಜನ ಅತ್ತ ಊರು ಬೇರೊಂದಿತ್ತೋ ಇಲ್ಲವೋ! ಅರಳೆಯ ಬೆಲೆ ಕುಸಿಯಿತು; 1865ರ ಜುಲೈ 1ರಂದು ವಾಯಿದೆಗಳು ತೀರಬೇಕಾದಾಗ ತೀರಿಸುವವರಿಲ್ಲವಾಯಿತು. ಪ್ರೇಮಚಂದರ ಸಂಪತ್ತು ಕೊಚ್ಚಿಹೋಯಿತು. ಷೇರುಗಳನ್ನು ನಂಬಿ ಅವರ ಬಳಗಕ್ಕೆ ಧಾರಾಳವಾಗಿ ಸಾಲವಿತ್ತ ಬಾಂಬೆ ಬ್ಯಾಂಕು 1868ರಲ್ಲಿ ಬಾಗಿಲು ಮುಚ್ಚಿತು. ಈ ನಷ್ಟದಲ್ಲಿ ಪ್ರೇಮಚಂದರ ಹೊಣೆ ಸಣ್ಣದಲ್ಲ. ದಾನಿಯನ್ನು ಹೊಗಳುವ ಭರದಲ್ಲಿ ನಾವು ಇದನ್ನು ಮುಚ್ಚಿಡಬಾರದು.

ಹಾಗಾದರೆ ಆ ದಾನವನ್ನು ಏನೆನ್ನೋಣ? ಗಾಳಿಯಿಂದ ಬಂದ ಹಣ ಅದು ಎಂದರೆ ತಪ್ಪಲ್ಲ. ಆದರೆ ಅದೇ ಗಾಳಿಯಲ್ಲಿ ಬಂದ ಇತರರ ಹಣವೆಲ್ಲ ಎಲ್ಲಿ ಹೋಯಿತೆಂದು ಕೇಳಿಕೊಳ್ಳಬೇಕು. ಇನ್ನಷ್ಟು ಕೂಡಲಿ, ಆಮೇಲೆ ಕೊಡೋಣ ಎಂದು ಪ್ರೇಮಚಂದರು ಒಂದು ವರ್ಷ ತಡೆದಿದ್ದರೆ ಈ 4 ಲಕ್ಷವೂ ಸಾಲಗಾರರ ಲೆಕ್ಕಕ್ಕೆ ಸೇರುತ್ತಿತ್ತು. ಅವರ ಸಿರಿಯಲ್ಲಿ ಉಳಿದುದು ಅವರ ಕೈ ಬಿಟ್ಟುದು ಮಾತ್ರ.

ಗೋಪುರದ ನಕ್ಷೆಯನ್ನು ಬರೆದವರು ಗಿಲ್ಬರ್ಟ್ ಸ್ಕಾಟ್. ಮುಂಬಯಿಯನ್ನು ಕಾಣದೆಯೇ ಇಂಗ್ಲೆಂಡಿನಿಂದ ಕಳುಹಿಸಿದರು. 1869ರಲ್ಲಿ ಮೊದಲಾದ ಕೆಲಸ 1878ರಲ್ಲಿ ಮುಗಿಯಿತು. ಕೆಳಗೆ ಪುಸ್ತಕ ಭಂಡಾರ, ಮೇಲೆ ಗಂಟೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಧಾರವಾಡದ ಕಾಲೇಜಿನ ನಮ್ಮ ತರುಣರು ಪದವಿ ಪಡೆದುದು ಈ ಮುಂಬಯಿ ವಿಶ್ವವಿದ್ಯಾನಿಲಯದಿಂದಲೇ.

ನಮ್ಮನ್ನು ಕೇಳಿದರೆ, ಗೋಪುರಕ್ಕಿಂತ ಮಿಗಿಲಾದುದು ಕಣ್ಣಿಗೆ ಕಾಣದ ಇನ್ನೊಂದು ದಾನ. ಅದೇ ದಶಕದಲ್ಲಿ ಪ್ರೇಮಚಂದರು ದೂರದ ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕೂ 2 ಲಕ್ಷ ಕೊಟ್ಟಿದ್ದರು. ಅದರ ಬಡ್ಡಿಯಿಂದ ಏರ್ಪಟ್ಟ ವಿದ್ಯಾರ್ಥಿವೇತನ ಬಂಗಾಳದ ವಿದ್ವಾಂಸರಿಗೆ ಪರಮ ಗೌರವವಾಯಿತು. 1886ರಲ್ಲಿ ಆಶುತೋಷ ಮುಖರ್ಜಿಯವರೂ, 1897ರಲ್ಲಿ ಇತಿಹಾಸಜ್ಞ ಯದುನಾಥ ಸರ್ಕಾರರೂ ಅದನ್ನು ಪಡೆದರು. ಮುಂದೆ ಆಶುತೋಷರು ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಅದರ ಸ್ವರೂಪವನ್ನೇ ಬದಲಿಸಿದರು. ಬಂಗಾಳಿಯನ್ನು ಓದಿಸಲು ಗುಜರಾತಿಯ ವರ್ತಕ ಗಂಟು ಬಿಚ್ಚಿದುದು ಆ ಕಾಲಕ್ಕೆ ಸಾಮಾನ್ಯವಲ್ಲ.

ತಾಯಿಗೆ ಕಣ್ಣು ಕಾಣುತ್ತಿರಲಿಲ್ಲವೆಂದೂ, ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡುವ ವ್ರತಕ್ಕೆ ಗಂಟೆಯ ಸದ್ದು ಆಕೆಗೆ ನೆರವಾಗಲೆಂದೂ ಮಗ ಗೋಪುರ ಕಟ್ಟಿಸಿದರೆಂದು ಮುಂಬಯಿಯ ಜನ ಹೇಳುತ್ತಾರೆ. ಕಥೆ ಹೇಗೇ ಇರಲಿ. ಪ್ರೇಮಚಂದರು 1906ರವರೆಗೆ ಬದುಕಿದ್ದರು. ಗೋಪುರ ಪೂರ್ಣವಾದ ಮೇಲೆ 28 ವರ್ಷ, ತಾಯಿಯ ಹೆಸರಿನ ಆ ಗಂಟೆ ಅವರಿದ್ದ ಊರಿನಲ್ಲಿಯೇ ಬಾರಿಸುತ್ತಿತ್ತು.